ಸಡಿಲು ಬಿಡುವದೆಂದರೇನು?



ಪಾಲಕರ ಸಭೆ ಕೂಡಿದಾಗಲೆಲ್ಲ ಎರಡು ಮಾತುಗಳು ಮುಖ್ಯಾಧ್ಯಾಪಿಕೆಯ ಕಿವಿಗೆ ತಪ್ಪದೆ ಬೀಳುವವು. “ಅಕ್ಕೋರೇ, ಈಗಿನ ಹುಡುಗಿಯರಿಗೆ ಸಡಿಲು ಹೆಚ್ಚಾಯಿತು, ಸ್ವಲ್ಪ ಬಿಗಿ ಮಾಡಿರಿ” ಎಂದು ಕೆಲವರು ಹೇಳುವರು. “ಕಾಲ ಬದಲಾಗಿದೆ, ಮಕ್ಕಳನ್ನು ಅವರ ಪಾಡಿಗೆ ಬಿಡುವದೇ ಲೇಸು” ಎಂದು ಮತ್ತೆ ಕೆಲವರು ಹೇಳುವರು. ಇಬ್ಬರೂ ಮಕ್ಕಳ ಹಿತವನ್ನೇ ಬಯಸುವವರು. ಆದರೆ ಇಬ್ಬರೂ ಸಡಿಲು ಎಂಬುದನ್ನು ಉಪ್ಪಿನಂತೆ ಎಣಿಸುತ್ತಾರೆ. ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದೊಂದೇ ಅವರ ವಿಚಾರ. ಸಡಿಲೆಲ್ಲವೂ ಒಂದೇ ಜಾತಿಯದಲ್ಲ, ಅದನ್ನು ಅಳೆಯುವ ಮೊದಲು ಅದು ಯಾವ ಬಗೆಯದೆಂದು ತಿಳಿಯಬೇಕು ಎಂಬುದೇ ಈ ಪಾಠದ ಉದ್ದೇಶವು.

೧. ಶಬ್ದಗಳ ವಿಚಾರ

ಈ ವಿಷಯಕ್ಕೆ ನಮ್ಮ ಭಾಷೆಯಲ್ಲಿ ಒಂದೇ ಶಬ್ದವಿಲ್ಲವೆಂಬುದನ್ನು ಮೊದಲು ಗಮನಿಸತಕ್ಕದ್ದು. ‘ಅಪ್ಪಣೆ’ ಎಂಬುದು ಆಜ್ಞೆಯೂ ಹೌದು, ಅನುಮತಿಯೂ ಹೌದು. ದೊರೆಯು ಅಪ್ಪಣೆ ಮಾಡಿದನೆಂದರೆ ಆಜ್ಞಾಪಿಸಿದನು. ಬೀಗರು ಹೊರಡುವಾಗ ಅಪ್ಪಣೆ ಕೇಳಿದರೆಂದರೆ ಹೋಗಲು ಸಮ್ಮತಿ ಬೇಡಿದರು. ‘ಪರವಾನಿಗೆ’ ಕಚೇರಿಯ ಶಬ್ದ. ಅದಕ್ಕೆ ಮುದ್ರೆಯೂ ಸಹಿಯೂ ಬೇಕು. ‘ಸಲಿಗೆ’ ಪ್ರೀತಿಯಿಂದ ಹುಟ್ಟುವದು. ಅದು ಕಾಗದದ ಮೇಲೆ ಬರೆದು ಕೊಡುವ ವಸ್ತುವಲ್ಲ. ಸಲಿಗೆಯು ಮೇರೆ ಮೀರಿದರೆ ಅದನ್ನು ‘ಸದರ’ವೆನ್ನುವರು. ಇವೆಲ್ಲವುಗಳಿಗೂ ಆಚೆ ‘ಉಪೇಕ್ಷೆ’ ಎಂಬುದೊಂದು ಉಂಟು. ಹೊರಗಿನಿಂದ ನೋಡುವವರಿಗೆ ಅದು ಔದಾರ್ಯದಂತೆಯೇ ಕಾಣುವದು, ಯಾಕಂದರೆ ಎರಡರಲ್ಲಿಯೂ ‘ಬೇಡ’ ಎಂಬ ಮಾತು ಕೇಳಬರುವದಿಲ್ಲ.

ಬಾವಿಯಿಂದ ನೀರು ಸೇದಿದವರಿಗೆ ಈ ಭೇದವನ್ನು ತಿಳಿಸಿ ಹೇಳಬೇಕಾಗಿಲ್ಲ. ಹಗ್ಗವನ್ನು ಸಡಿಲು ಬಿಡದಿದ್ದರೆ ಕೊಡವು ನೀರನ್ನು ಮುಟ್ಟದು. ಹಗ್ಗವನ್ನೇ ಕೈಬಿಟ್ಟರೆ ಕೊಡವೂ ಹಗ್ಗವೂ ಬಾವಿಯ ಪಾಲಾಗುವವು. ಸಡಿಲು ಬಿಡುವದು ಬೇರೆ, ಕೈಬಿಡುವದು ಬೇರೆ.

ಕಾಯದೆಯ ಕನ್ನಡದಲ್ಲಿಯೂ ಮೂರು ರೂಪಗಳನ್ನು ಕಾಣುತ್ತೇವೆ. ‘ಮಾಡಬಹುದು’ ಎಂದರೆ ಅನುಮತಿ. ‘ಮಾಡಕೂಡದು’ ಎಂದರೆ ನಿಷೇಧ. ‘ಮಾಡತಕ್ಕದ್ದು’ ಎಂದರೆ ಕರ್ತವ್ಯ. ಒಂದು ಮನೆಯಾಗಲಿ, ಒಂದು ಶಾಲೆಯಾಗಲಿ, ಒಂದು ರಾಜ್ಯವಾಗಲಿ ಉದಾರವೋ ಅಲ್ಲವೋ ಎಂದು ತಿಳಿಯಬೇಕಾದರೆ ಅಲ್ಲಿ ಎಷ್ಟು ‘ಬಹುದು’ಗಳಿವೆ ಎಂದು ಎಣಿಸಿದರೆ ಸಾಲದು. ಎರಡು ಪ್ರಶ್ನೆಗಳನ್ನು ಕೇಳಬೇಕು. ಮೊದಲನೆಯದು: ಒಬ್ಬರಿಗೆ ಕೊಟ್ಟ ಸಡಿಲಿನ ಭಾರವು ಯಾರ ಮೇಲೆ ಬಿತ್ತು? ಎರಡನೆಯದು: ‘ಬಹುದು’ ಎಂದು ಹೇಳಿಸಿಕೊಂಡವರಿಗೆ ಅದನ್ನು ನಡಿಸುವ ಸಾಧನ ಸಿಕ್ಕಿತೇ?

೨. ಮನೆಯಲ್ಲಿ

ಮಗನು ರಾತ್ರಿ ಹತ್ತು ಗಂಟೆಗೆ ಮನೆಗೆ ಬರುವನು. ಎಲ್ಲಿಗೆ ಹೋಗಿದ್ದಿ ಎಂದು ಕೇಳುವವರಿಲ್ಲ. “ಗಂಡುಹುಡುಗ, ಇರಲಿ ಬಿಡು” ಎಂದು ತಂದೆಯು ಉದಾರಿಯಾಗುವನು. ಆದರೆ ರೊಟ್ಟಿ ಪಲ್ಯಗಳನ್ನು ಬಿಸಿ ಮಾಡಿಕೊಡಲು ತಾಯಿಯು ಎಚ್ಚತ್ತಿರಬೇಕು; ತಾಟು ತೊಳೆದಿಟ್ಟು ಒಲೆ ಕಟ್ಟೆಯನ್ನು ಒರೆಸಿ ಮಲಗಲು ಮಗಳು ಕಾದಿರಬೇಕು. ಮರುದಿನ ಬೆಳಿಗ್ಗೆ ತರಗತಿಯಲ್ಲಿ ತೂಕಡಿಸುವವಳು ಆ ಮಗಳೇ. ಮಗನಿಗೆ ಬಿಟ್ಟ ಹಗ್ಗವು ಮಗಳ ಕೊರಳಿಗೆ ಬಿಗಿದ ಸಂಗತಿಯನ್ನು ಆ ಮನೆಯಲ್ಲಿ ಯಾರೂ ಲೆಕ್ಕಕ್ಕೆ ಹಿಡಿದಿರುವದಿಲ್ಲ. ಇಂಥ ಮನೆಯವರು ತಮ್ಮನ್ನು ಉದಾರಿಗಳೆಂದು ತಿಳಿದರೂ ಅಲ್ಲಿ ಔದಾರ್ಯವು ಹೆಚ್ಚಿಲ್ಲ. ಭಾರವು ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ಇಳಿದಿದೆ, ಅಷ್ಟೇ.

ಅದರಂತೆಯೇ ಮೊಬೈಲಿನ ವಿಷಯ. ಕೂಸು ಅಳುವದೆಂದು, ಹುಡುಗಿ ಕಾಡುವಳೆಂದು, ತನ್ನ ಕೆಲಸಕ್ಕೆ ಅಡ್ಡಿಯಾಗುವದೆಂದು ಮೊಬೈಲನ್ನು ಕೈಗೆ ಕೊಟ್ಟು ಬಾಗಿಲು ಮುಚ್ಚುವದನ್ನು ಅನುಮತಿಯೆಂದು ಕರೆಯಲಾಗದು. ಅದು ತಾಯಿತಂದೆಗಳು ತಮಗೆ ತಾವೇ ಕೊಟ್ಟುಕೊಂಡ ರಜೆಯು. ಅದೇ ಮೊಬೈಲಿನಲ್ಲಿ ಮಗಳು ಏನು ಓದುವಳು, ಯಾರೊಡನೆ ಮಾತಾಡುವಳು ಎಂಬುದನ್ನು ಗೂಢಚಾರರಂತೆ ಹುಡುಕದೆ, ಅವಳ ಪಕ್ಕದಲ್ಲಿ ಕೂತು ಕೇಳಿ ತಿಳಿದುಕೊಂಡು, ಇಷ್ಟು ಹೊತ್ತು ಸಾಕೆಂದು ಇಬ್ಬರೂ ಕೂಡಿ ನಿಶ್ಚಯಿಸಿದರೆ ಅದು ಸಲಿಗೆಯು. ಒಂದೇ ವಸ್ತು, ಒಂದೇ ಅನುಮತಿ. ಆದರೂ ಒಂದರಲ್ಲಿ ಹಗ್ಗದ ತುದಿ ಕೈಯಲ್ಲಿದೆ, ಮತ್ತೊಂದರಲ್ಲಿ ಇಲ್ಲ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ಬಿಗಿಯ ಪಕ್ಷದವರು ಆಗಾಗ್ಗೆ ಹೇಳುವರು. ಗಾದೆ ಸುಳ್ಳಲ್ಲ. ಆದರೆ ಗಿಡವನ್ನು ಬಗ್ಗಿಸುವವನು ಅದಕ್ಕೆ ನೀರನ್ನೂ ಹಾಕಬೇಕೆಂಬುದು ಆ ಗಾದೆಯಲ್ಲಿ ಅಡಗಿದ ಮಾತು. ನೀರು ಕಾಣದ ಗಿಡವು ಬಗ್ಗುವದಿಲ್ಲ, ಮುರಿಯುವದು.

೩. ಶಾಲೆಯಲ್ಲಿ

ಶಾಲೆಯಲ್ಲಿ ಎಲ್ಲಿ ಸಡಿಲು ಬಿಡಬೇಕು, ಎಲ್ಲಿ ಬಿಡಬಾರದು ಎಂಬುದಕ್ಕೆ ಮೇಲಿನ ಮೊದಲನೆಯ ಪ್ರಶ್ನೆಯೇ ದಾರಿ ತೋರಿಸುವದು. ಹಳ್ಳಿಯ ಬಸ್ಸು ತಡವಾದ್ದರಿಂದ ಒಬ್ಬ ಹುಡುಗಿ ಪ್ರಾರ್ಥನೆಯಾದ ಮೇಲೆ ಬಂದಳು; ಸುಗ್ಗಿಯ ಹಣ ಕೈಗೆ ಬರಲಿಲ್ಲವೆಂದು ಒಬ್ಬ ತಂದೆಯು ಫೀಯನ್ನು ಒಂದು ತಿಂಗಳು ತಡೆದು ತಂದನು; ತೊಳೆದ ಸಮವಸ್ತ್ರ ಒಣಗದೆ ಒಬ್ಬಳು ಬೇರೆ ಬಟ್ಟೆ ಉಟ್ಟು ಬಂದಳು. ಇಲ್ಲಿ ಸಡಿಲು ಬಿಟ್ಟರೆ ನಿಯಮದ ಘನತೆಗೆ ಅಷ್ಟಿಷ್ಟು ಕುಂದು ಬಂದೀತು. ಯಾವ ಮಗುವಿಗೂ ನೋವಾಗದು. ಆದಕಾರಣ ಇಲ್ಲಿ ಧಾರಾಳವಾಗಿ ಬಿಡತಕ್ಕದ್ದು.

ಆದರೆ ಒಬ್ಬಳ ಹಳ್ಳಿಯ ಮಾತನ್ನು ಅಣಕಿಸಿ ನಾಲ್ವರು ನಕ್ಕರು. ಒಬ್ಬಳ ಬುತ್ತಿಯನ್ನು ನೋಡಿ ಮತ್ತೊಬ್ಬಳು ದೂರ ಸರಿದು ಕೂತಳು. “ಹುಡುಗಿಯರು, ಇಂಥಾದ್ದು ಇದ್ದದ್ದೇ” ಎಂದು ಅಧ್ಯಾಪಿಕೆಯು ಸುಮ್ಮನಾದರೆ ಆ ಮೌನವು ನಕ್ಕವರಿಗೆ ಅನುಮತಿ, ಅಳುವವಳಿಗೆ ಶಿಕ್ಷೆ. ನಿಯಮ ಮಾತ್ರ ನೋಯುವಲ್ಲಿ ಸಡಿಲು ಬಿಡಬೇಕು. ಮಗು ನೋಯುವಲ್ಲಿ ಬಿಡಕೂಡದು. ಎಳೆಯ ಅಧ್ಯಾಪಿಕೆಯರು ಅನೇಕಸಲ ಇದಕ್ಕೆ ವಿರುದ್ಧವಾಗಿ ನಡೆಯುವದುಂಟು. ತಡವಾಗಿ ಬಂದವಳನ್ನು ಬಾಗಿಲ ಹೊರಗೆ ನಿಲ್ಲಿಸುವರು, ಅಣಕಿಸಿದವಳನ್ನು ಕಂಡೂ ಕಾಣದಂತಿರುವರು. ಯಾಕಂದರೆ ಮೊದಲನೆಯ ತಪ್ಪು ಗಡಿಯಾರದಲ್ಲಿ ಕಾಣುವದು, ಎರಡನೆಯದು ಒಂದು ಮಗುವಿನ ಮುಖದಲ್ಲಿ ಮಾತ್ರ ಕಾಣುವದು.

೪. ಧಾರವಾಡದ ಒಂದು ಅರ್ಜಿ

ಇದು ಬರಿಯ ಮನೆಶಾಲೆಗಳ ಮಾತಲ್ಲ. ನಮ್ಮ ಗೋಪನಕೊಪ್ಪಕ್ಕೆ ಇಪ್ಪತ್ತು ಕಿಲೋಮೀಟರಿನಷ್ಟು ದೂರದಲ್ಲಿರುವ ಧಾರವಾಡದಲ್ಲಿಯೇ ಇದರ ದೊಡ್ಡ ಉದಾಹರಣೆಯೊಂದು ನಡೆದಿದೆ. ಅದನ್ನು ನಮ್ಮ ಪ್ರತಿಯೊಬ್ಬ ವಿದ್ಯಾರ್ಥಿನಿಯೂ ತಿಳಿದಿರಬೇಕು.

ಆಗ ಧಾರವಾಡವು ಮುಂಬಯಿ ಇಲಾಖೆಗೆ ಸೇರಿತ್ತು. ಅಲ್ಲಿಯ ಸರಕಾರಿ ಶಾಲೆಯಲ್ಲಿ ಒಬ್ಬ ಮಹಾರ ಬಾಲಕನಿಗೆ ಪ್ರವೇಶ ಸಿಗಲಿಲ್ಲ. ೧೮೫೬ನೆಯ ಇಸವಿಯ ಜೂನ್ ತಿಂಗಳಲ್ಲಿ ಅವನ ಅರ್ಜಿಯು ಮುಂಬಯಿ ಸರಕಾರದ ಮುಂದೆ ಬಂತು. ಜುಲೈ ೨೧ರಂದು ಸರಕಾರವು ಠರಾವು ಮಾಡಿತು. ನ್ಯಾಯವು ತತ್ತ್ವದಲ್ಲಿ ಅರ್ಜಿದಾರನ ಕಡೆಗಿದೆಯೆಂದು ಅದರಲ್ಲಿ ಒಪ್ಪಿಕೊಂಡಿದ್ದರು. ಆದರೆ ಒಬ್ಬಿಬ್ಬರ ಸಲುವಾಗಿ ಅನೇಕ ತಲೆಮಾರುಗಳಿಂದ ಬಂದ ಜನರ ಭಾವನೆಗಳಲ್ಲಿ ಥಟ್ಟನೆ ಕೈಹಾಕಿದರೆ ವಿದ್ಯಾಪ್ರಸಾರಕ್ಕೇ ಹಾನಿಯಾದೀತು ಎಂಬ ಕಾರಣದಿಂದ ಆ ಬಾಲಕನನ್ನು ಸೇರಿಸಿಕೊಳ್ಳುವಂತೆ ಆಜ್ಞೆ ಮಾಡಲಿಲ್ಲ.

ಈ ಠರಾವನ್ನು ಬರೆದವರ ಭಯವು ಸುಳ್ಳೆಂದು ಹೇಳಲಾಗದು. ಆ ಬಾಲಕನು ಒಳಗೆ ಬಂದರೆ ಉಳಿದವರು ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋಗುವದು ಸಂಭವವೇ ಇತ್ತು. ಒಬ್ಬನ ಸಲುವಾಗಿ ಶಾಲೆಯೇ ಬರಿದಾದರೆ ಏನು ಮಾಡುವದು? ಇದು ಕಠಿಣವಾದ ಪ್ರಶ್ನೆ. ಆದರೆ ಸರಕಾರವು ತಾನು ಯಾವ ಪಕ್ಷವನ್ನೂ ಹಿಡಿಯದೆ ಜನರನ್ನು ಅವರವರ ರೂಢಿಗೆ ಬಿಟ್ಟೆನೆಂದು ತಿಳಿದುಕೊಂಡಿತು. ಆ ‘ಬಿಟ್ಟದ್ದು’ ಯಾರನ್ನು? ಬಾಗಿಲು ಮುಚ್ಚುವವರನ್ನು. ಅವರಿಗೆ ಸಿಕ್ಕ ಸಡಿಲೇ ಬಾಲಕನಿಗೆ ಅಗಳಿಯಾಯಿತು. ಬಲವುಳ್ಳವನಿಗೂ ಬಲವಿಲ್ಲದವನಿಗೂ ನಡುವೆ ನಿಂತು “ನಾನು ಇಬ್ಬರನ್ನೂ ಬಿಟ್ಟಿದ್ದೇನೆ” ಎಂದವನು ಬಲವುಳ್ಳವನ ಪಕ್ಷವನ್ನೇ ಹಿಡಿದಿರುತ್ತಾನೆ.

ಈ ವಿಷಯವು ಮೇಲಿನವರ ತನಕ ಹೋಯಿತು. ಮುಂಬಯಿಯವರು ಮಾಡಿದ್ದು ಬಹುಶಃ ವಿವೇಕವೇ ಇರಬಹುದು, ಆದರೆ ಬಂಗಾಲದ ಯಾವ ಸರಕಾರಿ ಶಾಲೆಯಲ್ಲಿಯೂ ಇವನಿಗೆ ಪ್ರವೇಶ ತಪ್ಪುತ್ತಿರಲಿಲ್ಲವೆಂದು ಭಾರತ ಸರಕಾರವು ೧೮೫೭ರ ಜನವರಿಯಲ್ಲಿ ಬರೆಯಿತು. ಸರಕಾರದ ವಿದ್ಯಾಸಂಸ್ಥೆಗಳು ಎಲ್ಲ ವರ್ಗಗಳಿಗೂ ತೆರೆದಿರತಕ್ಕವು ಎಂಬ ತತ್ತ್ವವನ್ನು ಬಿಡಲಾಗದೆಂದು ೧೮೫೮ರ ಎಪ್ರಿಲ್ ತಿಂಗಳಲ್ಲಿ ಇಂಗ್ಲಂಡಿನಲ್ಲಿದ್ದ ಕಂಪನಿಯ ನಿರ್ದೇಶಕರು ನಿರ್ಣಯಿಸಿದರು. ಬಾಗಿಲು ಕಾಗದದ ಮೇಲೆ ತೆರೆಯಿತು. ಆದರೆ ೧೮೮೨ರಲ್ಲಿ ಹಂಟರ್ ಆಯೋಗವು ಕೂತಾಗ ಅದೇ ತತ್ತ್ವವನ್ನು ಮತ್ತೊಮ್ಮೆ ಹೇಳಬೇಕಾಯಿತು; ಹೇಳುವಾಗಲೂ ಜಾಗ್ರತೆಯಿಂದ ಅನ್ವಯಿಸಬೇಕೆಂದು ಸೇರಿಸಿದರು. ತೆರೆದ ಬಾಗಿಲನ್ನು ಇಪ್ಪತ್ತನಾಲ್ಕು ವರುಷಗಳಾದ ಮೇಲೆ ಪುನಃ ತೆರೆಯಬೇಕಾಯಿತೆಂದರೆ ನಡುವೆ ಎಷ್ಟು ಜನ ಒಳಗೆ ಹೋದರೆಂಬುದನ್ನು ಊಹಿಸಬಹುದು.

೫. ಕಾಯದೆಯ ‘ಬಹುದು’

ಅದೇ ೧೮೫೬ರ ಜುಲೈ ತಿಂಗಳ ಕೊನೆಯ ವಾರದಲ್ಲಿ ಕಲಕತ್ತೆಯಲ್ಲಿ ಹಿಂದೂ ವಿಧವೆಯರ ಪುನರ್ವಿವಾಹದ ಕಾಯದೆಯಾಯಿತು. ಈಶ್ವರಚಂದ್ರ ವಿದ್ಯಾಸಾಗರರ ಪರಿಶ್ರಮದ ಫಲವಿದು. ಅದು ಯಾರನ್ನೂ ಬಲಾತ್ಕರಿಸಲಿಲ್ಲ. ವಿಧವೆಯು ಮದುವೆಯಾಗಬಹುದು, ಆದರೆ ಆ ಮದುವೆ ಸಿಂಧುವು ಎಂದಿತು. ಆದಾಗ್ಯೂ ಅದರ ಎರಡನೆಯ ಕಲಮಿನಲ್ಲಿ, ಪುನಃ ಮದುವೆಯಾದವಳು ಮೊದಲಿನ ಗಂಡನ ಆಸ್ತಿಯ ಹಕ್ಕನ್ನು ಕಳಕೊಳ್ಳುವಳೆಂದು ಬರೆದಿತ್ತು. ಒಂದು ಕೈಯಿಂದ ಅನುಮತಿ ಕೊಟ್ಟು, ಮತ್ತೊಂದು ಕೈಯಿಂದ ಹೊಲಮನೆಗಳನ್ನು ತೆಗೆದುಕೊಂಡ ಹಾಗಾಯಿತು.

ಇದರಲ್ಲಿ ಇನ್ನೊಂದು ವಿಚಿತ್ರವಿದೆ. ನಮ್ಮ ಸೀಮೆಯ ಅನೇಕ ಸಮಾಜಗಳಲ್ಲಿ ‘ಉಡಿಕೆ’ ಎಂಬ ಹೆಸರಿನಿಂದ ವಿಧವೆಯರ ಮರುಮದುವೆಯು ಮೊದಲಿನಿಂದಲೂ ನಡೆದು ಬಂದಿತ್ತು. ಅವರಿಗೆ ಯಾವ ಸರಕಾರದ ಅನುಮತಿಯೂ ಬೇಕಾಗಿರಲಿಲ್ಲ. ಇಂಥ ರೂಢಿಯಿದ್ದವರಿಗೆ ಕಾಯದೆಯ ಆಸ್ತಿನಷ್ಟವು ತಟ್ಟದೆಂದು ಅಲಾಹಾಬಾದಿನ ಹಾಯಕೋರ್ಟು ಹೇಳಿತು. ತಟ್ಟುವದೆಂದು ಮುಂಬಯಿಯ ಹಾಯಕೋರ್ಟು ಹೇಳಿತು. ಧಾರವಾಡ ಸೀಮೆಗೆ ಅನ್ವಯಿಸಿದ್ದು ಮುಂಬಯಿಯ ತೀರ್ಪು. ಬಂಧನವೇ ಇಲ್ಲದವಳಿಗೆ ಬಿಡುಗಡೆಯ ಬೆಲೆಯನ್ನು ಹಾಕಿದಂತಾಯಿತು. ಅನುಮತಿಯನ್ನು ಕೊಡುವವರು ಪಡೆಯುವವರ ಬಾಳನ್ನು ಹತ್ತಿರದಿಂದ ನೋಡದಿದ್ದರೆ ಹೀಗಾಗುವದು. ಆ ಕಾಯದೆಯನ್ನು ೧೯೮೩ರಲ್ಲಿ ರದ್ದು ಮಾಡಿದರು.

ಎರಡನೆಯ ಪ್ರಶ್ನೆಗೆ, ಅಂದರೆ ಸಾಧನದ ಪ್ರಶ್ನೆಗೆ, ಮಹಾಡದ ಕೆರೆಗಿಂತ ಸ್ಪಷ್ಟವಾದ ಉದಾಹರಣೆ ಸಿಗಲಾರದು. ೧೯೨೩ರ ಆಗಸ್ಟಿನಲ್ಲಿ ಸೀತಾರಾಮ ಕೇಶವ ಬೋಲೆಯವರು ತಂದ ಠರಾವನ್ನು ಮುಂಬಯಿಯ ಶಾಸನಸಭೆಯು ಒಪ್ಪಿತು. ಸಾರ್ವಜನಿಕ ಹಣದಿಂದ ನಡೆಯುವ ಕೆರೆಬಾವಿ, ಧರ್ಮಶಾಲೆ, ಶಾಲೆಗಳನ್ನು ಅಸ್ಪೃಶ್ಯರೆನಿಸಿಕೊಂಡವರೂ ಉಪಯೋಗಿಸಬಹುದೆಂದು ಅದರ ತಾತ್ಪರ್ಯ. ಮಹಾಡದ ಪುರಸಭೆಯು ೧೯೨೪ರಲ್ಲಿ ತನ್ನ ಚವದಾರ ಕೆರೆಯನ್ನು ಹಾಗೆಯೇ ತೆರೆದಿಟ್ಟಿತು. ಆದರೆ ಉಳಿದವರ ಭಯದಿಂದ ಯಾರೂ ನೀರು ಮುಟ್ಟಲಿಲ್ಲ. ೧೯೨೭ರ ಮಾರ್ಚ ೨೦ರಂದು ಡಾಕ್ಟರ ಅಂಬೇಡಕರರು ಸಾವಿರಾರು ಜನರೊಡನೆ ನಡೆದುಹೋಗಿ ಆ ನೀರನ್ನು ಕುಡಿದರು. ಅದಕ್ಕೆ ಪ್ರತಿಯಾಗಿ ಅವರ ಜನರಿಗೆ ಹೊಡೆತಗಳು ಬಿದ್ದವು. ಕೆರೆಗೆ ಶುದ್ಧಿ ಮಾಡಿಸಿದರು. ಪುರಸಭೆಯು ತನ್ನ ಠರಾವನ್ನೇ ಹಿಂದಕ್ಕೆ ತೆಗೆದುಕೊಂಡಿತು. ಹಾಯಕೋರ್ಟಿನ ತೀರ್ಪು ಅವರ ಪರವಾಗಿ ಬಂದದ್ದು ೧೯೩೭ರಲ್ಲಿ. ‘ಬಹುದು’ ಎಂಬ ಶಬ್ದಕ್ಕೂ ಒಂದು ಬೊಗಸೆ ನೀರಿಗೂ ಇದ್ದ ಅಂತರವು ಇಷ್ಟು ವರುಷಗಳದು.

೧೯೫೦ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನವು ಇದರಿಂದ ಪಾಠ ಕಲಿತಿದೆ. ಹದಿನೇಳನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ತೊಡೆದುಹಾಕಿತು. ಸರಕಾರದ ಹಣದಿಂದ ನಡೆಯುವ ವಿದ್ಯಾಸಂಸ್ಥೆಯಲ್ಲಿ ಜಾತಿಯ ಕಾರಣದಿಂದ ಯಾವ ನಾಗರಿಕನಿಗೂ ಪ್ರವೇಶವನ್ನು ನಿರಾಕರಿಸಕೂಡದೆಂದು ಇಪ್ಪತ್ತೊಂಬತ್ತನೆಯ ಅನುಚ್ಛೇದವು ವಿಧಿಸಿತು. ಬಾಲಕನಿಗೆ ‘ಬರಬಹುದು’ ಎಂದು ಹೇಳಿದ್ದು ಮಾತ್ರವಲ್ಲ, ಬಾಗಿಲು ಕಾಯುವವನಿಗೆ ‘ತಡೆಯಕೂಡದು’ ಎಂದು ಹೇಳಿದ್ದೇ ಇದರ ವಿಶೇಷ.

೬. ಹದಿನಾಲ್ಕನೆಯ ವರುಷ

ಪಾಲಕರೇ, ಈ ಹಿಂದಿನ ಸಂಗತಿಗಳನ್ನು ಇಷ್ಟು ವಿಸ್ತಾರವಾಗಿ ಬರೆದದ್ದು ಮುಂದಿನ ಮಾತಿನ ಸಲುವಾಗಿಯೇ. ೨೦೦೯ರಲ್ಲಿ ಆದ ಶಿಕ್ಷಣದ ಹಕ್ಕಿನ ಕಾಯದೆಯು ೨೦೧೦ರ ಎಪ್ರಿಲ್ ೧ರಿಂದ ನಡೆಯುತ್ತಿದೆ. ಆರರಿಂದ ಹದಿನಾಲ್ಕು ವರುಷದ ಮಕ್ಕಳಿಗೆ ಅದು ‘ಕಲಿಸತಕ್ಕದ್ದು’ ಎನ್ನುವದು. ಎಂಟನೆಯ ಇಯತ್ತೆ ಮುಗಿಯಿತೆಂದರೆ ಆ ಕಾಯದೆಯ ಕೈ ಅಲ್ಲಿಗೆ ಮುಗಿಯಿತು. ಒಂಬತ್ತನೆಯ, ಹತ್ತನೆಯ ಇಯತ್ತೆಗಳು ‘ತಕ್ಕದ್ದು’ವಿನಿಂದ ‘ಬಹುದು’ವಿಗೆ ಇಳಿಯುವವು. ಹೀಗೆ ಹೈಸ್ಕೂಲಿನ ಹುಡುಗಿಯು ನಿಂತಿರುವದು ಸರಕಾರದ ಆಜ್ಞೆಯ ಮೇಲಲ್ಲ, ತಂದೆತಾಯಿಗಳ ಅನುಮತಿಯ ಮೇಲೆ.

ಮದುವೆಯ ವಿಷಯದಲ್ಲಿ ಕಾಯದೆಯು ಮೆಲ್ಲಮೆಲ್ಲನೆ ಬಿಗಿಯಾಗುತ್ತ ಬಂದಿದೆ. ೧೯೨೯ರ ಶಾರದಾ ಕಾಯದೆಯು ಹುಡುಗಿಗೆ ಹದಿನಾಲ್ಕು ವರುಷವೆಂದು ಗೊತ್ತುಪಡಿಸಿತು. ಮದುವೆ ಮಾಡಿಸಿದವರಿಗೆ ಶಿಕ್ಷೆ ಇತ್ತು, ಆದರೆ ಆದ ಮದುವೆ ಸಿಂಧುವಾಗಿಯೇ ಉಳಿಯುತ್ತಿತ್ತು. ೧೯೭೮ರಲ್ಲಿ ಆ ವಯಸ್ಸು ಹದಿನೆಂಟಾಯಿತು. ೨೦೦೬ರ ಕೇಂದ್ರದ ಕಾಯದೆಯಂತೆ, ಮದುವೆಯ ಕಾಲಕ್ಕೆ ಬಾಲೆಯಾಗಿದ್ದವಳು ತಾನಾಗಿ ಕೋರ್ಟಿಗೆ ಹೋಗಿ ಆ ಮದುವೆಯನ್ನು ರದ್ದು ಮಾಡಿಸಿಕೊಳ್ಳಬಹುದು. ಹದಿನೈದು ವರುಷದ ಹುಡುಗಿಯು ಅತ್ತೆಯ ಮನೆಯಿಂದ ಎದ್ದು ಕೋರ್ಟಿನ ಮೆಟ್ಟಲನ್ನು ಹತ್ತುವದು ಹೇಗೆಂದು ಆ ‘ಬಹುದು’ ಹೇಳುವದಿಲ್ಲ. ಆದಕಾರಣವೇ ನಮ್ಮ ಕರ್ನಾಟಕವು ೨೦೧೬ರ ತಿದ್ದುಪಡಿಯಿಂದ, ಮುಂದೆ ಆಗುವ ಬಾಲ್ಯವಿವಾಹವು ಮೊದಲಿನಿಂದಲೇ ಅಸಿಂಧುವೆಂದು ಗೊತ್ತುಮಾಡಿತು. ಹುಡುಗಿಯ ಹೆಗಲ ಮೇಲಿನ ಭಾರವನ್ನು ಕಾಯದೆಯು ತಾನು ಹೊತ್ತುಕೊಂಡಿತು. ದುರ್ಬಲರ ಸಲುವಾಗಿ ಬಿಗಿಯಾಗುವದೂ ಒಂದು ಔದಾರ್ಯವೇ.

ಆದರೆ ಕಾಯದೆ ಮಾಡಲಾರದ್ದನ್ನು ಮನೆಯು ಮಾಡಬೇಕು. “ನಾವು ಓದಬೇಡವೆಂದು ಹೇಳಿಲ್ಲ, ಅವಳು ಓದಲಿ” ಎನ್ನುವ ತಂದೆಯನ್ನು ಒಂದು ಮಾತು ಕೇಳಬೇಕಾಗಿದೆ. ಓದಲಿ ಎಂದಿರಿ, ಸಂಜೆಯ ಕೆಲಸದಲ್ಲಿ ಒಂದು ತಾಸನ್ನು ಅವಳಿಗೆ ಬಿಟ್ಟಿರಾ? ದೀಪದ ಕೆಳಗೆ ಒಂದು ಜಾಗ ಕೊಟ್ಟಿರಾ? ತಮ್ಮನು ಟೀವಿ ಹಚ್ಚಿದಾಗ ಧ್ವನಿ ಇಳಿಸೆಂದು ಹೇಳಿದಿರಾ? ಮುಂದಿನ ವರುಷ ಕಾಲೇಜಿಗೆ ಹೋಗಲಿ ಎಂದಿರಿ; ಬಸ್ಸು ಎಲ್ಲಿ ನಿಲ್ಲುವದೆಂದು ಒಂದು ದಿನ ಜೊತೆಗೆ ಹೋಗಿ ನೋಡಿ ಬಂದಿರಾ? ೨೦೨೩ರ ಜೂನ್ ೧೧ರಂದು ಶಕ್ತಿ ಯೋಜನೆಯಿಂದ ಸರಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳ ಪ್ರಯಾಣವು ಉಚಿತವಾದಾಗ, ಮೊದಲೇ ಇದ್ದ ‘ಹೋಗಬಹುದು’ ಎಂಬ ಅನುಮತಿಗೆ ಗಾಲಿಗಳು ಬಂದವು. ಅನುಮತಿಗೆ ಸಾಧನವನ್ನು ಕೂಡಿಸುವದೆಂದರೆ ಇದೇ.

೭. ದೇವವಾಕ್ಯದ ಬೆಳಕಿನಲ್ಲಿ

ಸಮುವೇಲನ ಮೊದಲನೆಯ ಗ್ರಂಥದಲ್ಲಿ ಶೀಲೋವಿನ ಮಹಾಯಾಜಕನಾದ ಏಲಿಯ ಚರಿತ್ರೆಯಿದೆ. ಅವನ ಮಕ್ಕಳಾದ ಹೊಫ್ನಿ ಫೀನೆಹಾಸರು ಯಜ್ಞಕ್ಕೆ ಬಂದ ಬಡಜನರಿಂದ ಮಾಂಸವನ್ನು ಬಲಾತ್ಕಾರದಿಂದ ಕಸಿದುಕೊಳ್ಳುತ್ತಿದ್ದರು. ಏಲಿಯು ಬಾಯಿಮಾತಿನಿಂದ ಗದರಿಸಿದನು, ಆದರೆ ತಡೆಯಲಿಲ್ಲ. ಅವನನ್ನು ಪ್ರೀತಿಯ ತಂದೆಯೆಂದು ಕನಿಕರಪಡುವವರು ಅಲ್ಲಿ ದೂರದಿಂದ ನಡೆದು ಬಂದು ಬರಿಗೈಯಾಗಿ ನಿಂತ ಯಾತ್ರಿಕನನ್ನು ಮರೆಯುತ್ತಾರೆ. ದೇವರು ಮರೆಯಲಿಲ್ಲ.

ಸುವಾರ್ತೆಯಲ್ಲಿ ಜನರು ಮಕ್ಕಳನ್ನು ಯೇಸುವಿನ ಬಳಿಗೆ ತಂದಾಗ ಶಿಷ್ಯರು ಗದರಿಸಿದರು. ಕರ್ತನು ಕೋಪಿಸಿಕೊಂಡದ್ದು ಮಕ್ಕಳ ಮೇಲಲ್ಲ, ತಡೆದವರ ಮೇಲೆ. ಬರಗೊಟ್ಟದ್ದಲ್ಲದೆ ಅವರನ್ನು ಅಪ್ಪಿಕೊಂಡು ತಲೆಯ ಮೇಲೆ ಕೈಯಿಟ್ಟನು. ಪೌಲನಾದರೋ ಕೊರಿಂಥದವರಿಗೆ ಬರೆಯುವಾಗ, ವಿಗ್ರಹಕ್ಕೆ ಅರ್ಪಿಸಿದ್ದನ್ನು ತಿನ್ನಲು ತನಗೆ ಸ್ವಾತಂತ್ರ್ಯವಿದ್ದರೂ ಬಲಹೀನನಾದ ಸಹೋದರನು ಅದರಿಂದ ಎಡವುವದಾದರೆ ಆ ಸ್ವಾತಂತ್ರ್ಯವನ್ನು ಬಿಡುವೆನೆಂಬ ಅರ್ಥದಲ್ಲಿ ಬೋಧಿಸುವನು. ತನಗಿರುವ ಸಡಿಲನ್ನು ಇನ್ನೊಬ್ಬರ ಸಲುವಾಗಿ ತಾನೇ ಬಿಗಿಮಾಡಿಕೊಳ್ಳುವದು ಸ್ವಾತಂತ್ರ್ಯದ ಅತ್ಯುನ್ನತವಾದ ಉಪಯೋಗವು.

೮. ಮನೆಯಲ್ಲಿ ಕೂಡಿ ವಿಚಾರಿಸತಕ್ಕ ಪ್ರಶ್ನೆಗಳು

(೧) ನಮ್ಮ ಮನೆಯಲ್ಲಿ ‘ಇರಲಿ ಬಿಡು’ ಎಂಬ ಮಾತು ಯಾರ ಸಲುವಾಗಿ ಹೆಚ್ಚಾಗಿ ಬರುವದು? ಅದರ ಕೆಲಸವನ್ನು ಮಾಡಿ ಮುಗಿಸುವವರು ಯಾರು?

(೨) ಮಗಳಿಗೆ ಬೇಡವೆಂದ ಸಂಗತಿಗಳಲ್ಲಿ ಅವಳ ಹಿತಕ್ಕಾಗಿ ಬೇಡವೆಂದವು ಎಷ್ಟು, ನೆರೆಹೊರೆಯವರ ಬಾಯಿಗೆ ಅಂಜಿ ಬೇಡವೆಂದವು ಎಷ್ಟು?

(೩) ‘ಮಾಡಬಹುದು’ ಎಂದು ಹೇಳಿಯೂ ಅವಳು ಮಾಡಲಾಗದೆ ಉಳಿದದ್ದು ಯಾವದು? ಯಾವ ಸಾಧನ ಕಡಿಮೆಯಾಯಿತು?

(೪) ನಮ್ಮ ಮೌನದಿಂದ ಯಾರಿಗಾದರೂ ಅನ್ಯಾಯ ಮಾಡುವ ಪರವಾನಿಗೆ ಸಿಕ್ಕಿದೆಯೇ?

ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ಈಗ ತಾಯಂದಿರು, ಕೆಲವರು ಅಧ್ಯಾಪಿಕೆಯರು, ದಾದಿಯರು, ಕಚೇರಿಯ ಅಧಿಕಾರಿಗಳು. ಒಂದು ಕಾಲಕ್ಕೆ ಅನುಮತಿ ಕೇಳುತ್ತಿದ್ದವರು ಈಗ ಅನುಮತಿ ಕೊಡುವ ಸ್ಥಾನದಲ್ಲಿ ಕೂತಿದ್ದೀರಿ. ನಿಮ್ಮೆದುರಿಗೆ ಅರ್ಜಿ ಹಿಡಿದು ನಿಂತವರನ್ನು ನೋಡಿದಾಗ ಧಾರವಾಡದ ಆ ಬಾಲಕನನ್ನು ನೆನಸಿಕೊಳ್ಳಿರಿ. ನ್ಯಾಯವು ನಿನ್ನ ಕಡೆಗಿದೆಯೆಂದು ಹೇಳಿ ಅವನನ್ನು ಹೊರಗೆ ನಿಲ್ಲಿಸಿದವರಂತೆ ನೀವಾಗಬೇಡಿರಿ. ಬಾಗಿಲನ್ನು ತೆರೆಯಿರಿ, ಒಳಗೆ ಬರುವವರ ಕೈಯನ್ನೂ ಹಿಡಿಯಿರಿ. ದೇವರು ನಿಮ್ಮ ಮನೆಗಳನ್ನು ಆಶೀರ್ವದಿಸಲಿ.